ಕ್ಯಾನ್ಸರ್ ಪ್ರೋಟೀನು, ಬೀಗ ಬಿದ್ದ ಜೀನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಉತ್ತರ ಬರೀತಾ "ಕೆಲವು ಕ್ಯಾನ್ಸರ್ ಪ್ರೋಟೀನುಗಳು ಒಳ್ಳೇ ಜೀನ್‌ಗಳನ್ನ ಆಫ್ ಮಾಡಿಬಿಡುತ್ತವೆ" ಅಂತ ಒಂದೇ ಸಾಲು ಹೇಳಿ ಮುಂದಕ್ಕೆ ಹೋಗಿದ್ದೆ. ಆ ಒಂದು ಸಾಲಿನ ಬಗ್ಗೆಯೇ ಈ ಸಲ ಜಾಸ್ತಿ ಪ್ರಶ್ನೆ ಬಂದಿದೆ, ಅದರಲ್ಲೂ ಹೆಚ್ಚಿನವರು ಮನೆಯವರ ಬಯಾಪ್ಸಿ ರಿಪೋರ್ಟ್ ಕೈಯಲ್ಲಿ ಹಿಡ್ಕೊಂಡು ಕೇಳಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇಟ್ಟಿದ್ದೀನಿ. ಕೇಳಿದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೀವಿ.

ಪ್ರಶ್ನೆ: ಮೇಡಂ, ಜೀನ್ ಆಫ್ ಆಗೋದು ಅಂದ್ರೆ ಮ್ಯುಟೇಶನ್ ತಾನೇ? ಎರಡೂ ಒಂದೇ ಅಲ್ವಾ? (ತುಮಕೂರು)

ಒಂದೇ ಅಲ್ಲ. ಕೆಳಗಿನ ಉತ್ತರಗಳೆಲ್ಲ ಈ ವ್ಯತ್ಯಾಸದ ಮೇಲೇ ನಿಂತಿವೆ, ಅದಕ್ಕೇ ನಿಮ್ಮ ಪ್ರಶ್ನೆ ಮೊದಲು ತಗೊಂಡೆ. ಮ್ಯುಟೇಶನ್ ಅಂದ್ರೆ ಜೀನ್ ಬರೆದಿರೋ ಡಿಎನ್‌ಎ ಅಕ್ಷರವೇ ಬದಲಾಗೋದು, ಮನೆ ಸುಟ್ಟುಹೋದ ಹಾಗೆ. ಆಫ್ ಆದ ಜೀನ್‌ನಲ್ಲಿ ಅಕ್ಷರ ಒಂದೂ ಬದಲಾಗಿರಲ್ಲ, ಮನೆ ಸಾಮಾನೆಲ್ಲ ಇದ್ದಲ್ಲೇ ಇದೆ ಆದ್ರೆ ಬಾಗಿಲಿಗೆ ಬೀಗ ಬಿದ್ದಿದೆ, ಯಾರೂ ಒಳಗೆ ಹೋಗೋಕಾಗಲ್ಲ. ಸುಟ್ಟ ಮನೆಯನ್ನ ಮೊದಲಿನ ಹಾಗೆ ಮಾಡೋದು ಇವತ್ತಿಗೂ ಬಹಳ ಕಷ್ಟ. ಬೀಗ ತೆಗೆಯೋದು ಕೆಲವು ಕಡೆ ಸಾಧ್ಯ ಆಗಿದೆ, ಅದು ಮುಂದೆ ಹೇಳ್ತೀನಿ.

ಬೀಗ ಹಾಕೋದು ಕ್ಯಾನ್ಸರ್ ಹೊಸದಾಗಿ ಕಲಿತ ವಿದ್ಯೆ ಏನಲ್ಲ. ನಮ್ಮ ಹೆಚ್ಚುಕಮ್ಮಿ ಪ್ರತಿ ಜೀವಕೋಶದಲ್ಲೂ ಉದ್ದಕ್ಕೆ ಹಿಡಿದ್ರೆ ಸುಮಾರು 2 ಮೀಟರ್ ಡಿಎನ್‌ಎ ಇದೆ, ಪ್ರೋಟೀನ್ ಮಾಡೋ ಜೀನ್‌ಗಳು ಸುಮಾರು 20,000 ಇವೆ, ಲಿವರ್‌ನಲ್ಲೂ ಅವೇ, ಮೆದುಳಲ್ಲೂ ಅವೇ, ಆದ್ರೂ ಲಿವರ್ ಲಿವರ್ ಆಗಿರೋದು ಯಾಕಂದ್ರೆ ಅಲ್ಲಿ ಬೇಡದ ಜೀನ್‌ಗಳು ಆಫ್ ಆಗಿರುತ್ತವೆ. ಡಿಎನ್‌ಎ ಎಳೆ ಹಿಸ್ಟೋನ್ ಅನ್ನೋ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತೆ, ಒಂದೊಂದು ಉಂಡೆಗೆ 147 ಜೋಡಿ ಅಕ್ಷರ, ಸುತ್ತು ಸಡಿಲ ಇದ್ರೆ ಜೀನ್ ಓದಬಹುದು, ಬಿಗಿ ಆದ್ರೆ ಓದೋಕಾಗಲ್ಲ. ಬಿಗಿ ಮಾಡೋಕೆ ಕೋಶದ ಹತ್ರ ಕೆಲವು ಎನ್‌ಜೈಮ್‌ಗಳಿವೆ, ಅಂದ್ರೆ ರಾಸಾಯನಿಕ ಕೆಲಸ ಮಾಡೋ ಪ್ರೋಟೀನುಗಳು. ಡಿಎನ್‌ಎಂಟಿ ಅನ್ನೋವು ಡಿಎನ್‌ಎಯ ಸಿ ಅಕ್ಷರದ ಮೇಲೆ ಮೀಥೈಲ್ ಅನ್ನೋ ಚಿಕ್ಕ ರಾಸಾಯನಿಕ ಗುಂಪು ಅಂಟಿಸುತ್ತವೆ. ಎಚ್‌ಡ್ಯಾಕ್ ಅನ್ನೋವು ಹಿಸ್ಟೋನ್ ಮೇಲಿದ್ದು ಸುತ್ತು ಸಡಿಲ ಇಡೋ ಅಸಿಟೈಲ್ ಗುಂಪನ್ನ ಕಿತ್ತು ಹಾಕುತ್ತವೆ. ಇಝಡ್‌ಎಚ್2 ಥರದ್ದು ಹಿಸ್ಟೋನ್ ಮೇಲೇ ಮೀಥೈಲ್ ಗುರುತು ಹಾಕುತ್ತೆ. ಡಿಎನ್‌ಎ ಮೇಲಿನ ಮೀಥೈಲ್ ಗುರುತು ಕೋಶ ಎರಡಾದಾಗ ಮರಿಕೋಶಕ್ಕೂ ಕಾಪಿ ಆಗುತ್ತೆ, ಅಂದ್ರೆ ಒಂದ್ಸಲ ಹಾಕಿದ ಬೀಗ ಪೀಳಿಗೆಯಿಂದ ಪೀಳಿಗೆಗೆ ಉಳ್ಕೊಳ್ಳುತ್ತೆ.

ಇಲ್ಲೊಂದು ಮಾತು ಗಮನಿಸಿ. ಈ ಎನ್‌ಜೈಮ್‌ಗಳಿಗೆ ಯಾವ ಜೀನ್ ಹತ್ರ ಹೋಗಬೇಕು ಅಂತ ತಾವಾಗೇ ಅಷ್ಟಾಗಿ ಗೊತ್ತಾಗಲ್ಲ, ಯಾರಾದ್ರೂ ಕರ್ಕೊಂಡು ಹೋಗಬೇಕು. ಕ್ಯಾನ್ಸರ್ ತರೋ ಪ್ರೋಟೀನುಗಳು ಕೈ ಹಾಕೋದು ಇಲ್ಲೇ.

ಪ್ರಶ್ನೆ: ನಮ್ಮ ಅಪ್ಪಾರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಐತ್ರಿ. ರಿಪೋರ್ಟ್‌ನ್ಯಾಗ ಕೆ ಆರ್ ಎ ಎಸ್ ಮ್ಯುಟೇಶನ್ ಅಂತ ಬಂದೈತಿ. ಆ ಪ್ರೋಟೀನು ಕೋಶ ಬೆಳೆಸ್ತೈತಿ ಅಂತ ಓದೇನ್ರಿ, ಬೆಳೆಸೋದು ಹೆಂಗ ಜೀನ್ ಆಫ್ ಮಾಡ್ತೈತಿ? (ಹುಬ್ಬಳ್ಳಿ)

ಬಹಳ ಸರಿಯಾದ ಪ್ರಶ್ನೆ ಕೇಳಿದ್ದೀರಿ, ವಿಜ್ಞಾನಿಗಳೂ ಇದೇ ಪ್ರಶ್ನೆ ಹಿಡ್ಕೊಂಡು ವರ್ಷಗಟ್ಟಲೆ ಕೂತಿದ್ರು. ನಿಮ್ಮ ತಂದೆಯವರ ರಿಪೋರ್ಟ್‌ನಲ್ಲಿರೋದನ್ನ ಡಾಕ್ಟರುಗಳು ಕೆ-ರಾಸ್ ಅಂತಾರೆ. ಆರೋಗ್ಯವಾಗಿರೋ ಕೋಶದಲ್ಲಿ ಹೊರಗಿಂದ "ಬೆಳಿ" ಅನ್ನೋ ಸಂದೇಶ ಬಂದಾಗ ಮಾತ್ರ ಇದು ಎಚ್ಚರ ಆಗಿ, ಕೆಲಸ ಮುಗಿದ ಮೇಲೆ ಮತ್ತೆ ಸುಮ್ಮನಾಗುತ್ತೆ. ಮ್ಯುಟೇಶನ್ ಆದ ಮೇಲೆ ಸುಮ್ಮನಾಗೋದೇ ಇಲ್ಲ, ಯಾರೂ ಹೇಳದಿದ್ರೂ ಬೆಳಿ ಬೆಳಿ ಅಂತ ಹೇಳ್ತಾನೇ ಇರುತ್ತೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 40% ರಲ್ಲಿ ಇದು ಸಿಗುತ್ತೆ, ಹಾಗಾಗಿ ನಿಮ್ಮ ತಂದೆಯವರಿಗೆ ಏನೋ ಅಪರೂಪದ್ದು ಬಂದಿದೆ ಅಂತ ಅಂದ್ಕೋಬೇಡಿ.

ಈಗ ನೋಡಿ, ನಮ್ಮ ಕೋಶ ಅಷ್ಟು ದಡ್ಡ ಅಲ್ಲ. ಕೆಟ್ಟ ರಾಸ್ (ಕೆ-ರಾಸ್ ಈ ಗುಂಪಿನದ್ದೇ) ಹೀಗೆ ಅತಿಯಾಗಿ ಕೂಗೋಕೆ ಶುರು ಮಾಡಿದ್ರೆ ಆರೋಗ್ಯವಾಗಿರೋ ಕೋಶ ಏನೋ ಎಡವಟ್ಟಾಗಿದೆ ಅಂತ ಗುರುತಿಸಿ ತಾನೇ ವಿಭಜನೆ ನಿಲ್ಲಿಸಿ ಮುದಿಯಾಗಿ ಕೂತುಬಿಡುತ್ತೆ, ಇದನ್ನ 1997ರಲ್ಲೇ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಲ್ಯಾಬಿನವರು ತೋರಿಸಿದ್ರು. ಹೀಗೆ ನಿಲ್ಲಿಸೋ ಕೆಲಸದಲ್ಲಿ ಮುಂದಾಳು ಪಿ16 ಅನ್ನೋ ಪ್ರೋಟೀನು. ಅದರ ಜೀನ್ 9ನೇ ಕ್ರೋಮೋಸೋಮ್‌ನಲ್ಲಿದೆ (ಕ್ರೋಮೋಸೋಮ್ ಅಂದ್ರೆ ಡಿಎನ್‌ಎ ಎಳೆಯ ಒಂದು ದೊಡ್ಡ ತುಂಡು), ಅದೇ ಜಾಗದಲ್ಲಿ ಎಆರ್‌ಎಫ್ ಅನ್ನೋ ಇನ್ನೊಂದು ಪ್ರೋಟೀನಿನ ಮಾಹಿತಿಯೂ ಇದೆ, ಇದು ಪಿ53 ಅನ್ನೋ ಹೆಸರಾಂತ ರಕ್ಷಕ ಪ್ರೋಟೀನನ್ನ ಕಾಪಾಡುತ್ತೆ. ಅಂದ್ರೆ ಕೆ-ರಾಸ್ ಗೆಲ್ಲಬೇಕಾದ್ರೆ ಬರೀ ಬೆಳೆಸಿದ್ರೆ ಸಾಲದು, ತನ್ನನ್ನ ತಡೆಯೋ ಈ ಜೀನ್‌ಗಳ ಬಾಗಿಲು ಮುಚ್ಚಲೇಬೇಕು. ಬೆಳೆಸೋದು, ಆಫ್ ಮಾಡೋದು ಎರಡೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ.

ಹೆಂಗ ಅಂತ ಕೇಳಿದ್ರಲ್ಲ, ಅದಕ್ಕೆ ಬರ್ತೀನಿ. ಅಮೆರಿಕದ ವೂಸ್ಟರ್ ಊರಲ್ಲಿರೋ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ ಮೈಕೆಲ್ ಗ್ರೀನ್ ಅನ್ನೋ ವಿಜ್ಞಾನಿಯ ಲ್ಯಾಬು ಇದರ ಮೇಲೆ ಬಹಳ ಕೆಲಸ ಮಾಡಿತು. 2007ರಲ್ಲಿ ಅವರು ಇಲಿಯ ಕೋಶಗಳಲ್ಲಿ ಕೆಟ್ಟ ರಾಸ್ ಇಟ್ಟು, ಅದು ಫಾಸ್ ಅನ್ನೋ ಜೀನನ್ನ ಹೇಗೆ ಆಫ್ ಮಾಡುತ್ತೆ ಅಂತ ಹುಡುಕಿದ್ರು. ಫಾಸ್ ಅಂದ್ರೆ ಕೋಶದ ಮೈಮೇಲಿರೋ ಒಂದು ಪ್ರೋಟೀನು, ರೋಗನಿರೋಧಕ ಕೋಶಗಳು ಕೆಟ್ಟ ಕೋಶಕ್ಕೆ "ನೀನಿನ್ನು ಸಾಯಿ" ಅಂತ ಹೇಳೋದು ಇದರ ಮೂಲಕ. ಆಫ್ ಮಾಡೋಕೆ ಒಂದೋ ಎರಡೋ ಪ್ರೋಟೀನ್ ಸಾಕು ಅಂತ ಅಂದ್ಕೋತೀವಿ, ಸಿಕ್ಕಿದ್ದು 28! ಅದರಲ್ಲಿ ಯಾವುದೇ ಒಂದನ್ನ ತೆಗೆದ್ರೂ ಫಾಸ್ ಮತ್ತೆ ಆನ್ ಆಗ್ತಿತ್ತು. ನನಗೆ ಇದು ಓದಿದಾಗೆಲ್ಲ ರೋಮಾಂಚನ ಆಗುತ್ತೆ, ಯಾಕಂದ್ರೆ ಇಷ್ಟು ಜನ ಸೇರಿ ಹಾಕಿದ ಬೀಗ ಒಬ್ಬರು ಕೈಬಿಟ್ರೆ ತೆರೆಯುತ್ತೆ ಅಂತಾಯ್ತು.

ಆಮೇಲೆ 2014ರಲ್ಲಿ ಅದೇ ಲ್ಯಾಬಿನವರು ಮನುಷ್ಯರ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಪಿ16 ಇರೋ ಆ ಜಾಗ ಹೇಗೆ ಮುಚ್ಚುತ್ತೆ ಅಂತ ತೋರಿಸಿದ್ರು. ಕೆ-ರಾಸ್ ತಾನೇ ಡಿಎನ್‌ಎ ಹತ್ರ ಹೋಗಲ್ಲ, ಅದು ಕೋಶದ ಪೊರೆಯ ಒಳಮೈಗೆ ಅಂಟಿಕೊಂಡು ಕೂತಿರೋ ಪ್ರೋಟೀನು. ಅದು ಪಿಆರ್‌ಕೆಡಿ1 ಅನ್ನೋ ಎನ್‌ಜೈಮನ್ನ ಹೆಚ್ಚಿಸುತ್ತೆ, ಅದು ಯುಎಸ್‌ಪಿ28 ಅನ್ನೋದನ್ನ ಚುರುಕು ಮಾಡುತ್ತೆ, ಯುಎಸ್‌ಪಿ28 ಕೆಲಸ ಏನಪ್ಪಾ ಅಂದ್ರೆ ಕೋಶ ಕಸಕ್ಕೆ ಹಾಕಬೇಕು ಅಂತ ಗುರುತು ಮಾಡಿದ ಪ್ರೋಟೀನುಗಳ ಮೇಲಿನ ಆ ಗುರುತನ್ನ ಅಳಿಸೋದು, ಹಾಗೆ ಬದುಕಿ ಉಳಿಯೋದು ಝಡ್‌ಎನ್‌ಎಫ್304 ಅನ್ನೋ ಪ್ರೋಟೀನು. ಇದಕ್ಕೆ ಡಿಎನ್‌ಎ ಮೇಲೆ ನಿರ್ದಿಷ್ಟ ಜಾಗ ಗುರುತಿಸಿ ಕೂರೋ ಶಕ್ತಿ ಇದೆ. ಅದು ಹೋಗಿ ಪಿ16 ಜಾಗದ ಮುಂದೆ ಕೂತು ಬೀಗ ಹಾಕೋ ತಂಡವನ್ನ, ಮೀಥೈಲ್ ಅಂಟಿಸೋ ಡಿಎನ್‌ಎಂಟಿ1 ಸಮೇತ, ಅಲ್ಲಿಗೆ ಕರೆಸುತ್ತೆ. ಹೀಗೆ ಒಂದರ ಕೈಯಿಂದ ಇನ್ನೊಂದರ ಕೈಗೆ ದಾಟಿ ಕೊನೆಗೆ ಬೀಗ ಬೀಳುತ್ತೆ. ಎಲ್ಲ ಕೆ-ರಾಸ್ ಕ್ಯಾನ್ಸರ್‌ಗಳಲ್ಲೂ ಇದೇ ದಾರಿ ಅಂತಲ್ಲ, ಎಷ್ಟೋ ಜೀನ್‌ಗಳಿಗೆ ಒಟ್ಟೊಟ್ಟಿಗೆ ಮೀಥೈಲ್ ಬಿದ್ದಿರೋ ಒಂದು ಬಗೆಯ ಕರುಳು ಕ್ಯಾನ್ಸರ್‌ನಲ್ಲಿ ಇದನ್ನ ಕಂಡಿದ್ದು.

ನಿಮ್ಮ ತಂದೆಯವರ ಮಟ್ಟಿಗೆ ಇವತ್ತು ಬೇಕಾದ ಮಾತು ಒಂದಿದೆ. ಕೆ-ರಾಸ್ ಕೆಟ್ಟಿರೋ ಕರುಳು ಕ್ಯಾನ್ಸರ್‌ಗೆ ಸೆಟಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಅನ್ನೋ ದುಬಾರಿ ಇಂಜೆಕ್ಷನ್‌ಗಳು ಸಾಮಾನ್ಯವಾಗಿ ಉಪಯೋಗಕ್ಕೆ ಬರಲ್ಲ, ಅವು ಕೆ-ರಾಸ್‌ಗಿಂತ ಮೇಲಿನ ಹಂತದಲ್ಲಿ ಸಂದೇಶ ತಡೀತವೆ, ಇಲ್ಲಿ ಕೆ-ರಾಸ್ ಯಾರ ಸಂದೇಶಕ್ಕೂ ಕಾಯ್ತಿಲ್ಲ. ಆ ಟೆಸ್ಟ್ ಮಾಡಿಸೋದೇ ಮುಖ್ಯವಾಗಿ ಇದಕ್ಕೆ. ಹಾಗಾಗಿ ಆ ಇಂಜೆಕ್ಷನ್ ಕೊಡಿಸೋಕಾಗ್ಲಿಲ್ಲ ಅಂತ ಮನಸ್ಸಿಗೆ ಹಚ್ಕೋಬೇಡ್ರಿ, ಸಾಲ ಅಂತೂ ಮಾಡಲೇಬೇಡ್ರಿ.

ಪ್ರಶ್ನೆ: ನಮ್ಮಮ್ಮನಿಗೆ 74 ವರ್ಷ, ಬಲಗಡೆ ಕರುಳಲ್ಲಿ ಗಡ್ಡೆ ತೆಗೆದಿದ್ದಾರೆ. ರಿಪೋರ್ಟ್‌ನಲ್ಲಿ ಎಂಎಲ್‌ಎಚ್1 ಮತ್ತೆ ಪಿಎಂಎಸ್2 ಇಲ್ಲ, ಬಿ-ರಾಫ್ ವಿ600ಇ ಪಾಸಿಟಿವ್ ಅಂತಿದೆ. ನೆಟ್‌ನಲ್ಲಿ ನೋಡಿದ್ರೆ ಎಂಎಲ್‌ಎಚ್1 ಇಲ್ಲದಿದ್ರೆ ವಂಶದಲ್ಲಿ ಬರುತ್ತೆ ಅಂತಿದೆ. ನಾವು ಮೂರು ಜನ ಮಕ್ಕಳು ರಾತ್ರಿ ನಿದ್ದೆ ಮಾಡಿಲ್ಲ. (ಮೈಸೂರು)

ದಯವಿಟ್ಟು ಮೊದಲು ಸಮಾಧಾನ ಮಾಡ್ಕೊಳ್ಳಿ. ನೀವು ನೆಟ್‌ನಲ್ಲಿ ಓದಿದ್ದು ಲಿಂಚ್ ಸಿಂಡ್ರೋಮ್ ಬಗ್ಗೆ. ಅದರಲ್ಲಿ ಎಂಎಲ್‌ಎಚ್1 ಥರದ ಡಿಎನ್‌ಎ ರಿಪೇರಿ ಜೀನ್ ಹುಟ್ಟಿನಿಂದಲೇ ಕೆಟ್ಟಿರುತ್ತೆ, ಮಕ್ಕಳಿಗೆ ಬರೋ ಸಾಧ್ಯತೆ 50%. ಆದ್ರೆ ಎಂಎಲ್‌ಎಚ್1 ಕಾಣದೇ ಇರೋಕೆ ಇನ್ನೊಂದು ಕಾರಣ ಇದೆ, ಜೀನ್ ಸರಿಯಾಗೇ ಇದೆ ಆದ್ರೆ ಗಡ್ಡೆಯ ಕೋಶಗಳಲ್ಲಿ ಮಾತ್ರ ಅದಕ್ಕೆ ಬೀಗ ಬಿದ್ದಿದೆ. ವಯಸ್ಸಾದವರಲ್ಲಿ, ಬಲಗಡೆ ಕರುಳಲ್ಲಿ, ಅದರಲ್ಲೂ ಹೆಂಗಸರಲ್ಲಿ ಈ ಎರಡನೇದೇ ಜಾಸ್ತಿ. ಪಿಎಂಎಸ್2 ಯಾಕಿಲ್ಲ ಅಂದ್ರೆ ಅದು ಎಂಎಲ್‌ಎಚ್1 ಜೊತೆ ಇದ್ರೆ ಮಾತ್ರ ಉಳಿಯೋ ಪ್ರೋಟೀನು, ಜೋಡಿ ಹೋದ್ರೆ ಇದೂ ಹೋಗುತ್ತೆ, ಅದು ಬೇರೆ ಕಾಯಿಲೆ ಅಲ್ಲ.

ನಿಮ್ಮ ರಿಪೋರ್ಟ್‌ನಲ್ಲಿ ಸಮಾಧಾನ ಕೊಡೋ ಪದ ಅಂದ್ರೆ ಬಿ-ರಾಫ್ ವಿ600ಇ, ಅದು ಬಿ-ರಾಫ್ ಜೀನ್‌ನ ಒಂದು ಮ್ಯುಟೇಶನ್. ಲಿಂಚ್ ಇರೋರ ಗಡ್ಡೆಯಲ್ಲಿ ಇದು ಸಿಗೋದು ತುಂಬಾ ಅಪರೂಪ. ಬಿ-ರಾಫ್ ಅನ್ನೋದು ಕೆ-ರಾಸ್‌ನ ಕೆಳಗಿನ ಹಂತದಲ್ಲಿ ಅದೇ ದಾರಿಯಲ್ಲಿ ಕೆಲಸ ಮಾಡೋ ಪ್ರೋಟೀನು. ಅದು ಕೆಟ್ಟಾಗ ಎಂಎಎಫ್‌ಜಿ ಅನ್ನೋ ಇನ್ನೊಂದು ಪ್ರೋಟೀನು ನಾಶ ಆಗದೇ ಕೋಶದಲ್ಲಿ ಜಾಸ್ತಿ ಆಗಿ, ಎಂಎಲ್‌ಎಚ್1 ಜೀನ್ ಮುಂದೆ ಕೂತು ಡಿಎನ್‌ಎಂಟಿ3ಬಿ ಅನ್ನೋ ಎನ್‌ಜೈಮ್ ಇರೋ ತಂಡವನ್ನ ಕರೆಸಿ ಮೀಥೈಲ್ ಹಾಕಿಸುತ್ತೆ, ಇದನ್ನೂ ಗ್ರೀನ್ ಅವರ ಲ್ಯಾಬೇ 2014ರಲ್ಲಿ ತೋರಿಸಿದ್ದು. ಅಂದ್ರೆ ನಿಮ್ಮಮ್ಮನ ಗಡ್ಡೆಯಲ್ಲಿ ಬಿ-ರಾಫ್ ಕೆಟ್ಟಿದ್ದಕ್ಕೂ ಎಂಎಲ್‌ಎಚ್1 ಕಾಣೆ ಆಗಿದ್ದಕ್ಕೂ ಸಂಬಂಧ ಇದೆ, ಇವೆರಡೂ ಗಡ್ಡೆಯೊಳಗೆ ಆದ ಘಟನೆ, ನಿಮ್ಮ ಮೂರು ಜನರ ರಕ್ತದಲ್ಲಿ ಬಂದಿರೋದಲ್ಲ ಅನ್ನೋ ಸಾಧ್ಯತೆಯೇ ಬಹಳ ಹೆಚ್ಚು. ಅನುಮಾನ ಪೂರ್ತಿ ಹೋಗಬೇಕು ಅಂದ್ರೆ ಎಂಎಲ್‌ಎಚ್1 ಮೀಥೈಲೇಶನ್ ಟೆಸ್ಟ್ ಅಂತ ಇದೆ, ತೆಗೆದಿಟ್ಟ ಗಡ್ಡೆಯ ತುಣುಕಲ್ಲೇ ಮಾಡಬಹುದು, ನಿಮ್ಮ ಆಂಕಾಲಜಿಸ್ಟ್ ಹತ್ರ ಕೇಳಿ. ನಿಮ್ಮ ಮನೆತನದಲ್ಲಿ 50 ವರ್ಷಕ್ಕಿಂತ ಮೊದಲೇ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದೋರು ಇದ್ರೆ ಅದನ್ನ ಮಾತ್ರ ಮರೀದೇ ಹೇಳಿ. ಮತ್ತೆ ಅಮ್ಮನಿಗೆ ಕರುಳು ಕ್ಯಾನ್ಸರ್ ಬಂದಿದೆ ಅನ್ನೋ ಕಾರಣಕ್ಕೆ ನಿಮಗೆ ಯಾವಾಗ ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡೋದು) ಬೇಕು ಅಂತ ಡಾಕ್ಟರನ್ನ ಕೇಳಿಟ್ಕೊಳ್ಳಿ, ಅದು ಲಿಂಚ್ ಇಲ್ಲದಿದ್ರೂ ಕೇಳಬೇಕಾದ್ದೇ.

ಅಮ್ಮನಿಗೂ ಇದರಲ್ಲಿ ಒಂದು ಅನುಕೂಲ ಇದೆ. ರಿಪೇರಿ ಜೀನ್ ಕೆಲಸ ಮಾಡದ ಗಡ್ಡೆಯಲ್ಲಿ ಸಾವಿರಾರು ತಪ್ಪು ಸೇರ್ಕೊಂಡು ಅದು ನಮ್ಮ ರೋಗನಿರೋಧಕ ಕೋಶಗಳ ಕಣ್ಣಿಗೆ ಪರಕೀಯವಾಗಿ ಕಾಣುತ್ತೆ, ಅದಕ್ಕೇ ಇಂಥ ಗಡ್ಡೆಗಳಿಗೆ ಇಮ್ಯುನೋಥೆರಪಿ, ಅಂದ್ರೆ ಆ ರೋಗನಿರೋಧಕ ಕೋಶಗಳನ್ನೇ ಗಡ್ಡೆ ಮೇಲೆ ಬಿಡೋ ಚಿಕಿತ್ಸೆ, ಚೆನ್ನಾಗಿ ಹಿಡಿಯುತ್ತೆ. ಪೆಂಬ್ರೊಲಿಜುಮ್ಯಾಬ್ ಅನ್ನೋ ಔಷಧಿಗೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ಸಿಕ್ಕಾಗ ಯಾವ ಅಂಗದ ಕ್ಯಾನ್ಸರ್ ಅಂತ ನೋಡದೇ ಈ ಒಂದು ಗುಣ ನೋಡಿ ಕೊಟ್ಟಿದ್ರು. ಬೆಲೆ ಜಾಸ್ತಿ, ಅದು ನಿಜ. ಕಾಯಿಲೆ ಬೇರೆ ಕಡೆ ಹರಡಿಲ್ಲ ಅಂದ್ರೆ ಸಾಮಾನ್ಯವಾಗಿ ಅದರ ಅಗತ್ಯವೂ ಬರಲ್ಲ.

ಪ್ರಶ್ನೆ: ನಮ್ಮ ಅಕ್ಕನ ಮಗನಿಗೆ 22 ವರ್ಷ ರೀ. ಒಸಡಿನಿಂದ ರಕ್ತ ಬರ್ತಿತ್ತು, ಮೈಮ್ಯಾಲೆ ನೀಲಿ ಕಲೆ ಬಿದ್ದಿದ್ವು. ಎಪಿಎಲ್ ಅನ್ನೋ ಬ್ಲಡ್ ಕ್ಯಾನ್ಸರ್ ಅಂದಾರ. ವಿಟಮಿನ್ ಎ ಗುಳಿಗಿ ಮತ್ತ ಆರ್ಸೆನಿಕ್ ಕೊಡ್ತೀವಿ ಅಂತಾರ್ರಿ. ಆರ್ಸೆನಿಕ್ ಅಂದ್ರ ಪಾಷಾಣ ಅಲ್ಲೇನ್ರಿ? ಕೀಮೋ ಕೊಡಸೋದು ಬಿಟ್ಟು ಇದೇನು ಪ್ರಯೋಗ ಮಾಡಾಕತ್ತಾರ? (ಕಲಬುರಗಿ)

ಪ್ರಯೋಗ ಅಲ್ರಿ, ಇವತ್ತು ಈ ಕಾಯಿಲೆಗೆ ಇರೋ ಅತ್ಯುತ್ತಮ ಚಿಕಿತ್ಸೆಯನ್ನೇ ಕೊಡ್ತಿದ್ದಾರೆ, ದಯವಿಟ್ಟು ಒಂದು ದಿನವೂ ತಡ ಮಾಡಬೇಡಿ. ಈ ಅಂಕಣ ಬರೋ ತನಕ ಕಾಯಬಾರದು ಅಂತ ನಿಮಗೆ ಆಗಲೇ ಫೋನ್ ಮಾಡಿ ಹೇಳಿದ್ದೀವಿ, ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿ ಬರೀತಿದ್ದೀನಿ.

ಎಪಿಎಲ್ ಅಂದ್ರೆ ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ. ಒಂದು ಪ್ರೋಟೀನು ಜೀನ್ ಆಫ್ ಮಾಡಿ ಕ್ಯಾನ್ಸರ್ ತರೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 15ನೇ ಕ್ರೋಮೋಸೋಮ್‌ನ ಒಂದು ತುಂಡು, 17ನೇದರ ಒಂದು ತುಂಡು ಅದಲು ಬದಲಾಗುತ್ತೆ, ಇದನ್ನ 1977ರಲ್ಲಿ ಶಿಕಾಗೋದ ಜಾನೆಟ್ ರೌಲಿ ಅವರ ತಂಡ ಗುರುತಿಸಿತು. ಅದಲು ಬದಲಾದ ಜಾಗದಲ್ಲಿ ಪಿಎಂಎಲ್ ಅನ್ನೋ ಜೀನು, ರಾರ್-ಆಲ್ಫಾ ಅನ್ನೋ ಜೀನು ಸೇರಿ ಒಂದೇ ಬೆಸುಗೆ ಪ್ರೋಟೀನ್ ಮಾಡುತ್ತವೆ.

ರಾರ್-ಆಲ್ಫಾ ಮಾಮೂಲಾಗಿ ಏನು ಮಾಡುತ್ತೆ ಅಂದ್ರೆ, ರಕ್ತಕೋಶಗಳು ಎಳೇದರಿಂದ ಬಲಿತು ಪೂರ್ತಿ ಬಿಳಿ ರಕ್ತಕಣ ಆಗೋಕೆ ಬೇಕಾದ ಜೀನ್‌ಗಳ ಮೇಲೆ ಕೂತಿರುತ್ತೆ. ನಮ್ಮ ದೇಹದಲ್ಲಿ ವಿಟಮಿನ್ ಎ ಯಿಂದ ಆಗೋ ರೆಟಿನಾಯಿಕ್ ಆಸಿಡ್ ಬಂದು ಅಂಟಿದಾಗ ಅದು ಬೀಗದ ತಂಡವನ್ನ ಬಿಟ್ಟು ಜೀನ್ ತೆರೆಯುತ್ತೆ, ಇಲ್ಲದಾಗ ಮುಚ್ಚಿರುತ್ತೆ. ಬೆಸುಗೆ ಆದ ಪ್ರೋಟೀನು ಮಾತ್ರ ದೇಹದಲ್ಲಿ ಮಾಮೂಲಾಗಿ ಇರೋವಷ್ಟು ರೆಟಿನಾಯಿಕ್ ಆಸಿಡ್‌ಗೆ ಜಗ್ಗಲ್ಲ, ಎಚ್‌ಡ್ಯಾಕ್ ತಂಡವನ್ನ ಗಟ್ಟಿಯಾಗಿ ಹಿಡ್ಕೊಂಡೇ ಕೂತಿರುತ್ತೆ. ಹೀಗಾಗಿ ಕೋಶ ಬಲಿಯೋದಿಲ್ಲ, ಎಳೇದಾಗೇ ಲಕ್ಷ ಲಕ್ಷ ಆಗುತ್ತೆ, ಮೂಳೆಯೊಳಗೆ ರಕ್ತ ತಯಾರಾಗೋ ಮಜ್ಜೆ ತುಂಬುತ್ತೆ. ಬೀಗದ ತಂಡದ ಈ ಲೆಕ್ಕ ಪೂರ್ತಿ ಅರ್ಥ ಆಗಿದ್ದು 1998ರಲ್ಲಿ.

ಆದ್ರೆ ಔಷಧಿ ಅದಕ್ಕಿಂತ ಎಷ್ಟೋ ಮೊದಲೇ ಸಿಕ್ಕಿತ್ತು! ಶಾಂಘೈನ ರುಯ್‌ಜಿನ್ ಆಸ್ಪತ್ರೆಯಲ್ಲಿ ವಾಂಗ್ ಝೆನ್‌ಯಿ ಅನ್ನೋ ಡಾಕ್ಟರು 1980ರ ದಶಕದಲ್ಲಿ ಕೋಶವನ್ನ ಕೊಲ್ಲೋ ಬದಲು ಬಲಿಯೋ ಹಾಗೆ ಮಾಡಿದ್ರೆ ಹೇಗೆ ಅಂತ ಯೋಚಿಸಿ, ಅಟ್ರಾ ಅನ್ನೋ ರೆಟಿನಾಯಿಕ್ ಆಸಿಡ್ ಮಾತ್ರೆಯನ್ನ ಜಾಸ್ತಿ ಪ್ರಮಾಣದಲ್ಲಿ ಕೊಟ್ರು. 1988ರಲ್ಲಿ ಅವರ ತಂಡ 24 ರೋಗಿಗಳ ವರದಿ ಪ್ರಕಟಿಸಿತು, 24 ಜನರಲ್ಲೂ ಕಾಯಿಲೆ ಹತೋಟಿಗೆ ಬಂದಿತ್ತು, ಅದರಲ್ಲಿ 23 ಜನಕ್ಕೆ ಬರೀ ಆ ಮಾತ್ರೆ ಸಾಕಾಗಿತ್ತು. ಜಾಸ್ತಿ ಪ್ರಮಾಣ ಬಂದಾಗ ಬೆಸುಗೆ ಪ್ರೋಟೀನು ಕೂಡ ಬೀಗದ ತಂಡವನ್ನ ಕೈಬಿಡುತ್ತೆ, ಜೀನ್ ತೆರೆಯುತ್ತೆ, ಕ್ಯಾನ್ಸರ್ ಕೋಶಗಳು ಬಲಿತು ತಮ್ಮ ಆಯಸ್ಸು ಮುಗಿಸಿ ಸಾಯುತ್ತವೆ. ಅಂಗಡಿಯಲ್ಲಿ ಸಿಗೋ ವಿಟಮಿನ್ ಎ ಗುಳಿಗೆ ಬೇರೆ, ಇದು ಬೇರೆ, ಅದನ್ನ ತಂದು ನುಂಗಿಸೋಕೆ ಹೋಗಬೇಡಿ.

ಪಾಷಾಣದ ವಿಷಯ. ಹೌದು, ಆರ್ಸೆನಿಕ್ ವಿಷವೇ. ಚೀನಾದ ಹಾರ್ಬಿನ್ ಊರಲ್ಲಿ ಝಾಂಗ್ ಟಿಂಗ್‌ಡಾಂಗ್ ಅನ್ನೋ ವೈದ್ಯರು ಹಳ್ಳಿ ಔಷಧಿಯೊಂದರಲ್ಲಿದ್ದ ಆರ್ಸೆನಿಕ್ ಟ್ರೈಆಕ್ಸೈಡನ್ನ ಶುದ್ಧ ಮಾಡಿ 1970ರ ದಶಕದಿಂದ ಲ್ಯುಕೇಮಿಯಾಕ್ಕೆ ಕೊಡ್ತಾ ಬಂದ್ರು. ಅದು ಬೆಸುಗೆ ಪ್ರೋಟೀನಿನ ಪಿಎಂಎಲ್ ಭಾಗಕ್ಕೆ ನೇರ ಅಂಟಿಕೊಳ್ಳುತ್ತೆ, ಆಮೇಲೆ ಕೋಶವೇ ಆ ಪ್ರೋಟೀನನ್ನ ಚೂರು ಮಾಡಿ ಹಾಕುತ್ತೆ. ಬೀಗ ಹಾಕಿಸಿದವನನ್ನೇ ಮನೆ ಮುಂದಿಂದ ಎಬ್ಬಿಸಿ ಕಳಿಸಿದ ಹಾಗಾಯ್ತು. ಇಟಲಿ, ಜರ್ಮನಿಯ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರಾ ಹೆಚ್ಚು ಅಪಾಯ ಇಲ್ಲದ ರೋಗಿಗಳಿಗೆ ಅಟ್ರಾ ಜೊತೆ ಆರ್ಸೆನಿಕ್ ಕೊಟ್ಟ ಗುಂಪಲ್ಲಿ 2 ವರ್ಷ ಆದ ಮೇಲೂ 97% ಜನ ಕಾಯಿಲೆ ಮತ್ತೆ ಬರದೇ ಬದುಕಿದ್ರು, ಅಟ್ರಾ ಜೊತೆ ಕೀಮೋ ಕೊಟ್ಟ ಗುಂಪಲ್ಲಿ 86%. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವಿಕ್ರಮ್ ಮ್ಯಾಥ್ಯೂಸ್ ಮತ್ತು ಜೊತೆಗಾರರು 2006ರಲ್ಲೇ 72 ರೋಗಿಗಳಿಗೆ ಬರೀ ಆರ್ಸೆನಿಕ್ ಕೊಟ್ಟು ಸುಮಾರು 86% ಜನರಲ್ಲಿ ಕಾಯಿಲೆ ಹತೋಟಿಗೆ ತಂದಿದ್ದನ್ನ ವರದಿ ಮಾಡಿದ್ರು. ದುಬಾರಿ ಔಷಧಿ ಕೊಳ್ಳೋಕಾಗದ ನಮ್ಮಂಥ ದೇಶದ ರೋಗಿಗಳಿಗೂ ದಾರಿ ಇದೆ ಅಂತ ಜಗತ್ತಿಗೆ ತೋರಿಸಿದ ಕೆಲಸ ಅದು, ನಾವೆಲ್ಲ ಹೆಮ್ಮೆ ಪಡಬೇಕಾದ್ದು.

ಅಪಾಯ ಇಲ್ಲ ಅಂತಲ್ಲ. ಈ ಕಾಯಿಲೆಯಲ್ಲಿ ಮೊದಲ ಕೆಲವು ದಿನವೇ ಗಂಡಾಂತರ, ಮೆದುಳಲ್ಲಿ ರಕ್ತಸ್ರಾವ ಆಗಬಹುದು, ಅದಕ್ಕೇ ಅನುಮಾನ ಬಂದ ತಕ್ಷಣ, ಪಕ್ಕಾ ರಿಪೋರ್ಟ್ ಬರೋ ಮೊದಲೇ ಡಾಕ್ಟರು ಅಟ್ರಾ ಶುರು ಮಾಡ್ತಾರೆ. ಆರ್ಸೆನಿಕ್ ಕೊಡುವಾಗ ಇಸಿಜಿ, ರಕ್ತದ ಪೊಟ್ಯಾಶಿಯಮ್ ಮ್ಯಾಗ್ನೀಶಿಯಮ್ ನೋಡ್ತಾ ಇರ್ತಾರೆ. ಹುಡುಗನಿಗೆ ಜ್ವರ, ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ತೂಕ ಏರೋದು ಕಂಡ್ರೆ ಆಗಿಂದಾಗಲೇ ನರ್ಸ್‌ಗೆ ಹೇಳಿ, ಕೋಶಗಳು ಒಟ್ಟಿಗೇ ಬಲಿಯುವಾಗ ಹಾಗಾಗುತ್ತೆ, ಅದಕ್ಕೆ ಸ್ಟೆರಾಯ್ಡ್ ಕೊಟ್ಟು ಸರಿ ಮಾಡ್ತಾರೆ.

ಪ್ರಶ್ನೆ: ಬೀಗ ತೆಗೆಯೋಕೆ ಬರುತ್ತೆ ಅಂದ್ರೆ ಎಲ್ಲ ಕ್ಯಾನ್ಸರ್‌ಗೂ ಯಾಕೆ ಅದನ್ನೇ ಮಾಡಬಾರದು? (ಬೆಂಗಳೂರು)

ಮಾಡೋಕೆ ನೋಡಿದ್ದಾರೆ. ಅಜಾಸಿಟಿಡಿನ್ ಅನ್ನೋ ಔಷಧಿಯನ್ನ 1960ರ ದಶಕದಲ್ಲಿ ಪ್ರಾಗ್‌ನಲ್ಲಿ ಕೀಮೋ ಅಂತಲೇ ತಯಾರಿಸಿದ್ದು, ಜಾಸ್ತಿ ಡೋಸ್‌ನಲ್ಲಿ ರೋಗಿಗಳಿಗೆ ತಡೆಯೋಕಾಗ್ತಿರಲಿಲ್ಲ. 1980ರಲ್ಲಿ ಪೀಟರ್ ಜೋನ್ಸ್, ಶರ್ಲಿ ಟೇಲರ್ ಇಬ್ಬರು ಇದು ಡಿಎನ್‌ಎ ಮೇಲಿನ ಮೀಥೈಲ್ ಗುರುತು ಕಮ್ಮಿ ಮಾಡುತ್ತೆ ಅಂತ ತೋರಿಸಿದ ಮೇಲೆ ಅದರ ಹಣೆಬರಹವೇ ಬದಲಾಯ್ತು. 2004ರಲ್ಲಿ ಎಂಡಿಎಸ್ ಅನ್ನೋ ಮಜ್ಜೆಯ ಕಾಯಿಲೆಗೆ ಅಮೆರಿಕದಲ್ಲಿ ಅನುಮತಿ ಸಿಕ್ತು, ಈಗ ನಮ್ಮಲ್ಲೂ ಕೊಡ್ತಾರೆ. ಹೆಚ್ಚು ಅಪಾಯದ ಎಂಡಿಎಸ್ ಇರೋರ ಸರಾಸರಿ ಆಯಸ್ಸು ಇದರಿಂದ ಸುಮಾರು 15 ತಿಂಗಳಿಂದ 24 ತಿಂಗಳಿಗೆ ಏರಿತು ಅಂತ 2009ರ ಅಧ್ಯಯನ ಹೇಳುತ್ತೆ. ಒಂದು ಮಾತು, ಇದರ ಪರಿಣಾಮ ಕಾಣೋಕೆ ನಾಲ್ಕರಿಂದ ಆರು ಸೈಕಲ್ (ಔಷಧಿ ಕೊಡೋ ಸುತ್ತು) ಬೇಕಾಗಬಹುದು, ಎಷ್ಟೋ ಮನೆಯವರು ಎರಡು ಸೈಕಲ್‌ಗೇ ಕೆಲಸ ಮಾಡ್ತಿಲ್ಲ ಅಂತ ನಿಲ್ಲಿಸಿಬಿಡ್ತಾರೆ, ಅದು ನನಗೆ ಬಹಳ ಸಂಕಟ ತರೋ ವಿಷಯ.

ಗಟ್ಟಿ ಗಡ್ಡೆಗಳಲ್ಲಿ, ಅಂದ್ರೆ ಕರುಳು, ಶ್ವಾಸಕೋಶ, ಸ್ತನದ ಕ್ಯಾನ್ಸರ್‌ಗಳಲ್ಲಿ ಇದು ಅಷ್ಟು ಫಲ ಕೊಟ್ಟಿಲ್ಲ. ಈ ಔಷಧಿಗೆ ಇಂಥದ್ದೇ ಬೀಗ ತೆಗೆಯಬೇಕು ಅಂತ ಗೊತ್ತಿಲ್ಲ, ಸಿಕ್ಕಿದ್ದನ್ನೆಲ್ಲ ತೆಗೆಯುತ್ತೆ. ವಿಭಜನೆ ಆಗ್ತಿರೋ ಕೋಶದೊಳಗೆ ಮಾತ್ರ ಕೆಲಸ ಮಾಡುತ್ತೆ. ನಿಲ್ಲಿಸಿದ್ರೆ ಬೀಗ ಮತ್ತೆ ಬೀಳುತ್ತೆ, ಯಾಕಂದ್ರೆ ಹಾಕಿಸೋ ಪ್ರೋಟೀನು ಇನ್ನೂ ಅಲ್ಲೇ ಇದೆ. ಎಪಿಎಲ್‌ನಲ್ಲಿ ಗೆದ್ದಿದ್ದು ಆ ಪ್ರೋಟೀನನ್ನೇ ಓಡಿಸೋಕೆ ಆಯ್ತಲ್ಲ ಅದಕ್ಕೇ. ಪ್ರಾಸ್ಟೇಟ್ ಕ್ಯಾನ್ಸರ್ ಜೋರಾದಾಗ, ಹಿಸ್ಟೋನ್ ಮೇಲೆ ಗುರುತು ಹಾಕುತ್ತೆ ಅಂದೆನಲ್ಲ ಆ ಇಝಡ್‌ಎಚ್2 ವಿಪರೀತ ಹೆಚ್ಚುತ್ತೆ ಅಂತ ಅಮೆರಿಕದ ಮಿಶಿಗನ್‌ನಲ್ಲಿ ಸೂರ್ಯನಾರಾಯಣ ವಾರಂಬಳ್ಳಿ, ಅರುಳ್ ಚಿನ್ನಯ್ಯನ್ ಮತ್ತು ತಂಡ 2002ರಲ್ಲಿ ತೋರಿಸಿದ್ರು. ಇಝಡ್‌ಎಚ್2 ತಡೆಯೋ ಟ್ಯಾಜೆಮೆಟೊಸ್ಟ್ಯಾಟ್ ಅನ್ನೋ ಮಾತ್ರೆಗೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿದ್ದು ಪ್ರಾಸ್ಟೇಟ್‌ಗಲ್ಲ, ಒಂದು ಅಪರೂಪದ ಸಾರ್ಕೋಮಾ ಮತ್ತೆ ಒಂದು ಬಗೆಯ ಲಿಂಫೋಮಾ ಅನ್ನೋ ಬೇರೆ ಕ್ಯಾನ್ಸರ್‌ಗಳಿಗೆ. ಲ್ಯಾಬಿನಲ್ಲಿ ಕಂಡಿದ್ದಕ್ಕೂ ರೋಗಿಯ ಕೈಗೆ ಮಾತ್ರೆ ಬರೋದಕ್ಕೂ ನಡುವೆ ಇಷ್ಟು ವರ್ಷ, ಇಷ್ಟು ತಿರುವು.

ಪ್ರಶ್ನೆ: ನಮ್ಮ ಕಡೆಯ ಮುರುಗಲು ಹಣ್ಣಿನಲ್ಲಿ ಜೀನ್ ಸ್ವಿಚ್ ಬದಲಾಯಿಸೋ ಅಂಶ ಇದೆ, ಕ್ಯಾನ್ಸರ್ ಇರೋರು ದಿನಾ ಅದರ ಜ್ಯೂಸ್, ಜೊತೆಗೆ ಅರಿಶಿನ ಕುಡೀಬೇಕು ಅಂತ ಒಂದು ವಿಡಿಯೋ ಬಂದಿದೆ, ನಿಜವಾ? (ಕುಮಟಾ)

ಅರ್ಧ ನಿಜ. ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ಲ್ಯಾಬು 2004ರಲ್ಲಿ ಮುರುಗಲು ಅಂದ್ರೆ ಪುನರ್ಪುಳಿ ಹಣ್ಣಿನ ಸಿಪ್ಪೆಯಿಂದ ಗಾರ್ಸಿನಾಲ್ ಅನ್ನೋ ಅಂಶ ತೆಗೆದು, ಅದು ಪಿ300 ಅನ್ನೋ ಎನ್‌ಜೈಮನ್ನ ತಡೆಯುತ್ತೆ ಅಂತ ತೋರಿಸಿತು. ಅರಿಶಿನದ ಕರ್ಕ್ಯುಮಿನ್ ಬಗ್ಗೆಯೂ ಅದೇ ವರ್ಷ ಅದೇ ಲ್ಯಾಬು ಹೀಗೇ ತೋರಿಸಿತು. ಒಳ್ಳೆ ಕೆಲಸ, ನಮ್ಮ ನೆಲದ ಹಣ್ಣಿನ ಮೇಲೆ ಆದದ್ದು ಅನ್ನೋದು ಇನ್ನೂ ಖುಷಿ. ಆದ್ರೆ ವಿಡಿಯೋದವರು ಒಂದು ಬಿಟ್ಟಿದ್ದಾರೆ. ಪಿ300 ಹಿಸ್ಟೋನ್‌ಗೆ ಅಸಿಟೈಲ್ ಅಂಟಿಸಿ ಜೀನ್ ತೆರೆಯೋ ಎನ್‌ಜೈಮು. ಅದನ್ನ ತಡೆದ್ರೆ ಜೀನ್ ಆನ್ ಆಗೋದಕ್ಕಿಂತ ಆಫ್ ಆಗೋ ಕಡೆಗೇ ಹೋಗುತ್ತೆ, ಅದು ಯಾವ ಕ್ಯಾನ್ಸರ್‌ಗೆ ಒಳ್ಳೇದು ಯಾವುದಕ್ಕೆ ಕೆಟ್ಟದ್ದು ಅಂತ ಲೋಟದಲ್ಲಿ ಅಳೆದು ಹೇಳೋಕಾಗಲ್ಲ. ಅವರು ಬಳಸಿದ್ದು ಶುದ್ಧ ಮಾಡಿದ ಅಂಶ, ಟ್ಯೂಬಿನಲ್ಲಿ, ಕೋಶಗಳ ಮೇಲೆ. ಜ್ಯೂಸ್ ಕುಡಿದ್ರೆ ಅಷ್ಟು ಗಡ್ಡೆ ತನಕ ತಲುಪುತ್ತೆ ಅಂತ ಯಾರೂ ತೋರಿಸಿಲ್ಲ, ಕರ್ಕ್ಯುಮಿನ್ ಅಂತೂ ಹೊಟ್ಟೆಯಿಂದ ರಕ್ತಕ್ಕೆ ಸೇರೋದೇ ಬಹಳ ಕಮ್ಮಿ.

ಬೇಸಗೆಯಲ್ಲಿ ಮುರುಗಲು ಪಾನಕ ಕುಡೀರಿ, ಸಾರಿಗೆ ಅರಿಶಿನ ಹಾಕಿ, ಯಾರೂ ಬೇಡ ಅನ್ನಲ್ಲ. ಚಿಕಿತ್ಸೆ ನಡೀತಿರುವಾಗ ಕರ್ಕ್ಯುಮಿನ್ ಕ್ಯಾಪ್ಸೂಲ್ ನುಂಗೋದು ಮಾತ್ರ ಡಾಕ್ಟರಿಗೆ ಹೇಳದೇ ಬೇಡ, ಅದರಿಂದ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ.

ಪ್ರಶ್ನೆ: ಗರ್ಭಕಂಠದ ಕ್ಯಾನ್ಸರ್ ತರೋ ಎಚ್‌ಪಿವಿ ವೈರಸ್ ಕೂಡ ಹೀಗೇ ಜೀನ್ ಆಫ್ ಮಾಡುತ್ತಾ? ಮಗಳಿಗೆ 11 ವರ್ಷ, ಲಸಿಕೆ ಹಾಕಿಸಬೇಕಾ? (ಹಾಸನ)

ಆ ವೈರಸ್ಸಿನ ಇ6, ಇ7 ಅನ್ನೋ ಎರಡು ಪ್ರೋಟೀನುಗಳ ಮುಖ್ಯ ಕೆಲಸ ಸ್ವಲ್ಪ ಬೇರೆ. ಅವು ಜೀನ್‌ಗಿಂತ ಜಾಸ್ತಿ, ಆ ಜೀನ್ ತಯಾರಿಸಿದ ಪ್ರೋಟೀನಿನ ಮೇಲೇ ಬೀಳುತ್ತವೆ, ಇ6 ಪಿ53ಯನ್ನ ನಾಶ ಮಾಡಿಸುತ್ತೆ, ಇ7 ಆರ್‌ಬಿ ಅನ್ನೋ ಇನ್ನೊಂದು ಕಾವಲು ಪ್ರೋಟೀನನ್ನ ಕಟ್ಟಿಹಾಕುತ್ತೆ. ಇದರ ಜೊತೆಗೆ ಇ7 ನಾನು ಮೇಲೆ ಹೇಳಿದ ಡಿಎನ್‌ಎಂಟಿ1ಗೂ ಅಂಟಿ ಅದನ್ನ ಚುರುಕು ಮಾಡುತ್ತೆ ಅಂತ ಕಂಡುಬಂದಿದೆ. ಈ ವೈರಸ್ಸಿಗೂ ಗರ್ಭಕಂಠದ ಕ್ಯಾನ್ಸರ್‌ಗೂ ಇರೋ ನಂಟು ಕಂಡುಹಿಡಿದಿದ್ದಕ್ಕೆ ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ಲಸಿಕೆ ಖಂಡಿತ ಹಾಕಿಸಿ, 9ರಿಂದ 14 ವರ್ಷವೇ ಸರಿಯಾದ ವಯಸ್ಸು. ಸುಮಾರು 70% ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ ಆಗೋ 16 ಮತ್ತು 18ನೇ ತಳಿಗಳನ್ನ ಅದು ತಡೆಯುತ್ತೆ, ಪುಣೆಯಲ್ಲಿ ತಯಾರಾಗೋ ಸರ್ವಾವ್ಯಾಕ್ ಲಸಿಕೆಯೂ ಈಗ ಸಿಗುತ್ತೆ. ಆದ್ರೆ ಲಸಿಕೆ ಎಲ್ಲ ತಳಿಗಳನ್ನೂ ತಡೆಯಲ್ಲ, ಹಾಗಾಗಿ ದೊಡ್ಡವಳಾಗಿ 30 ದಾಟಿದ ಮೇಲೆ ಅವಳಿಗೂ ಸ್ಕ್ರೀನಿಂಗ್, ಅಂದ್ರೆ ಲಕ್ಷಣ ಇಲ್ಲದಿದ್ರೂ ಮಾಡಿಸೋ ತಪಾಸಣೆ, ಬೇಕು. ನಿಮಗಂತೂ ಈಗಲೇ ಬೇಕು, ಮಗಳನ್ನ ಲಸಿಕೆಗೆ ಕರ್ಕೊಂಡು ಹೋದ ದಿನವೇ ನಿಮ್ಮ ಎಚ್‌ಪಿವಿ ಟೆಸ್ಟ್ ಅಥವಾ ಪ್ಯಾಪ್ ಟೆಸ್ಟಿನ ಬಗ್ಗೆಯೂ ಕೇಳ್ಕೊಂಡು ಬನ್ನಿ.